ಇಪ್ಪತ್ತನಾಲ್ಕರಲ್ಲಿ ಮೂರು

"ಸೋಪು ಹಚ್ಚಿ ಸ್ನಾನ ಮಾಡಿದೀರಾ?" ಮೊದಲ ದಿನ ನಾನು ಅವನನ್ನು ಕೇಳಿದ್ದು ಇದನ್ನೇ.

"ದಿನಾ ಹಾಗೇ ಮಾಡೋದು," ಎಂದ, ಬಾಗಿಲಲ್ಲೇ ನಿಂತು.

"ಹಾಗಾದ್ರೆ ಒಳಗೆ ಬರಬೇಡಿ. ನಾಳೆ ಬರೀ ನೀರು ಸುರ್ಕೊಂಡು ಬನ್ನಿ."

ಕೋಪ ನನಗೆ ಮೂಗಿನ ತುದಿಯಲ್ಲೇ. ಮನೆಯವರು ಕರೆಯುವುದೂ ಮೂಗು ಎಂದೇ. ಅಪ್ಪ ಸೆಂಟು ತಯಾರಿಸುವವರು. ಕಾಯಿಲೆಯಲ್ಲಿ ಅವರಿಗೆ ವಾಸನೆ ತಿಳಿಯದಂತಾದ ಮೇಲೆ ಮೂಸುವ ಕೆಲಸ ನನ್ನ ಪಾಲಿಗೆ ಬಂತು. ಬೀದಿಯಲ್ಲಿ ಹೊಗೆ, ಅಡುಗೆಮನೆಯಲ್ಲಿ ಈರುಳ್ಳಿ, ಗೆಳತಿಯರ ಮೈಮೇಲೆ ಪೌಡರು, ಮೂಗು ಕೆಡುತ್ತದೆ ಎಂದು ಒಂದೊಂದೇ ಬಾಗಿಲು ಮುಚ್ಚಿದರು. ಕಿಟಕಿಗೂ ಟೇಪು ಅಂಟಿಸಿದರು.

"ಇಪ್ಪತ್ನಾಲ್ಕು ಎಣ್ಣೆ ಇವೆ. ಮೂರು ಮೂರು ಬೆರೆಸಿ, ಒಂದೂ ಬಿಡದೆ ಮೂಸಿ ಮುಗಿಸು ಮಗಳೇ. ಆಮೇಲೆ ಎಲ್ಲಿಗೆ ಬೇಕಾದ್ರೂ ಹೋಗು," ಎಂದು ಮಾತು ಕೊಟ್ಟಿದ್ದರು. ಬೆರೆಸುವ ಯಂತ್ರಕ್ಕೆ ಪ್ರೋಗ್ರಾಂ ಬರೆಯಲು ಬಂದವನು ಇವನು.

ಮರುದಿನ ಕೂದಲು ಪೊರಕೆಯಂತೆ ನಿಮಿರಿಸಿಕೊಂಡು ಬಂದ. ನನಗೆ ನಗು ತಡೆಯಲಾಗಲಿಲ್ಲ.

ಅವನ ಕಂಪ್ಯೂಟರ್ ಭಾಷೆಯಲ್ಲಿ ಪದಗಳೇ ಇರಲಿಲ್ಲ, ಬರೀ ಚಿಹ್ನೆಗಳು. "ಇದು ಒಂದೊಂದೇ ಬಾಟಲಿ ಹಿಡ್ಕೊಂಡು ಓಡಾಡಲ್ಲ ಕಣ್ರೀ. ಇಡೀ ಸಾಲಿಗೆ ಒಂದೇ ಮಾತು ಹೇಳಿದ್ರೆ ಸಾಕು," ಎಂದ. ಬಾಟಲಿಗೊಂದು ಬಿಟ್. ತೆರೆದರೆ ಒಂದು, ಮುಚ್ಚಿದರೆ ಸೊನ್ನೆ. ಇಪ್ಪತ್ತನಾಲ್ಕೂ ಸೇರಿದರೆ ಒಂದು ಸಂಖ್ಯೆ.

ಅವನ ಪ್ರೋಗ್ರಾಂ, ಸಾಧ್ಯವಿರುವ ಸಂಖ್ಯೆಗಳನ್ನೆಲ್ಲ ಬರೆದು, ಸರಿಯಾಗಿ ಮೂರು ಒಂದುಗಳಿರುವುದನ್ನು, ಅಂದರೆ ಮೂರೇ ಬಾಟಲಿ ತೆರೆದದ್ದನ್ನು, ಇಟ್ಟುಕೊಂಡು ಉಳಿದದ್ದನ್ನು ಎಸೆಯುತ್ತಿತ್ತು. ಕೋಟಿ ಮೀರಿದ ಸಂಖ್ಯೆಗಳು! ನಮ್ಮ ಮುದಿ ಕಂಪ್ಯೂಟರು ಏದುಸಿರು ಬಿಟ್ಟು ದಿನಕ್ಕೊಂದು ತುಣುಕು ಮುಗಿಸುತ್ತಿತ್ತು. ಅಲ್ಲಿಯವರೆಗೆ ನಮಗೆ ಮಾತೇ ಮಾತು. ನಾನು ನೋಡಲಾಗದ ಬೀದಿಯನ್ನು ಅವನು ಹೇಳುತ್ತಿದ್ದ. ನಾನು ಚಿಹ್ನೆಗಳನ್ನು ಕಲಿಯುತ್ತಿದ್ದೆ.

"ಪರದೆ ನೋಡಿ ಅಂದ್ರೆ ನನ್ನನ್ನೇ ನೋಡ್ತೀರಲ್ಲ?" ಎಂದೆ ಒಂದು ದಿನ.

"ಪರದೆ ಎಲ್ಲೂ ಓಡಿಹೋಗಲ್ಲ."

ನಾನೂ ಎಲ್ಲಿಗೂ ಓಡಿಹೋಗುವಂತಿರಲಿಲ್ಲ. ಅದನ್ನು ಹೇಳದೆ ನಕ್ಕೆ.

ಚಿಹ್ನೆಗಳನ್ನು ಓದಲು ಬಂದ ಮೇಲೆ ಕೇಳಿದೆ. "ಬೇಡದ್ದನ್ನೆಲ್ಲ ಬರೆದು ಆಮೇಲೆ ಯಾಕೆ ಎಸೀಬೇಕು?"

"ಅದು... ಹೀಗೇ," ಎಂದ. ಕಿವಿ ಕೆಂಪಾದವು.

ಬೇಗನೆ ಮುಗಿಸುವ ದಾರಿ ಅವನಿಗೆ ಗೊತ್ತಿತ್ತು! ನನ್ನ ಎದೆ ಹಿಗ್ಗಿತು. ಮರುಕ್ಷಣವೇ ಕಿಟಕಿಯ ಟೇಪು ಕಣ್ಣಿಗೆ ಬಿದ್ದು ಸಿಟ್ಟು ಬಂತು. ಅವನಿಗೆ ಅದು ನನ್ನ ಜೊತೆ ಇನ್ನೊಂದು ದಿನ. ನನಗೆ ಇದೇ ಕೋಣೆಯಲ್ಲಿ ಇನ್ನೊಂದು ದಿನ.

ಅವನು ಊಟಕ್ಕೆ ಹೋದಾಗ ನಾನೇ ಬರೆದೆ. ಮೊದಲು ಒಂದೇ ಬಾಟಲಿ ತೆರೆದ ಸಂಖ್ಯೆಗಳ ಸಾಲು. ಪ್ರತಿಯೊಂದಕ್ಕೂ ಅದರ ಮುಂದಿನ ಬಾಟಲಿಗಳನ್ನು ಒಂದೊಂದಾಗಿ, ಸಾಲಿಗೆ ಸಾಲೇ ಸೇರಿಸಿದರೆ ಜೋಡಿಗಳು. ಮತ್ತೊಮ್ಮೆ ಸೇರಿಸಿದರೆ ಮೂರು ಮೂರು. ಎಸೆಯಲು ಏನೂ ಉಳಿಯಲಿಲ್ಲ. ಅವನು ಬಂದು ಕೂರುವಷ್ಟರಲ್ಲಿ ಇಡೀ ಪಟ್ಟಿ ಪರದೆಯ ಮೇಲಿತ್ತು.

ಅವನ ಮುಖ ಬಾಡಿತು. ಚೀಲ ಎತ್ತಿಕೊಂಡ. "ನಾನು ಹೋಗ್ಲಿ ಅಂತ ಬರೆದ್ರಾ?"

"ಇಲ್ಲ. ನಾನು ಹೋಗ್ಬೇಕು ಅಂತ ಬರೆದೆ."

ಅವನು ಟೇಪು ಹಚ್ಚಿದ ಕಿಟಕಿಯತ್ತ ನೋಡಿದ. ಮೊದಲ ಸಲ ನೋಡಿದಂತೆ ನೋಡಿದ. "ನಿಮ್ಮನ್ನ ಇನ್ನಷ್ಟು ದಿನ ಕೂಡಿ ಹಾಕ್ತಿದೀನಿ ಅಂತ ನನಗೆ ಹೊಳೀಲೇ ಇಲ್ಲ. ತಪ್ಪಾಯ್ತು."

"ತಪ್ಪಾಯ್ತು ಅಂದ್ರೆ ಸಾಲದು. ಪಟ್ಟಿ ಮುಗಿದ ದಿನ ಹೊರಗೆ ಕಾಯ್ತಿರಬೇಕು."

"ಮುಗಿಯೋವರೆಗೂ ಕಾಯ್ತೀನಿ."

ಅವನಿಲ್ಲದ ಕೋಣೆಯಲ್ಲಿ ಎಲ್ಲವನ್ನೂ ಮೂಸಿ ಮುಗಿಸಿದೆ. ಎಲ್ಲಕ್ಕಿಂತ ಚೆನ್ನಾಗಿದ್ದುದನ್ನು ಅಪ್ಪನ ಮುಂದಿಟ್ಟೆ. ಅವರು ಬಾಟಲಿಯನ್ನು ತಿರುಗಿಸುತ್ತಾ, "ಇನ್ನೊಂದು ಎಣ್ಣೆ ತಂದಿದ್ದೆ..." ಎಂದರು.

"ಅಪ್ಪಾ, ಮಾತು ಕೊಟ್ಟಿದ್ರಿ."

ಬಾಟಲಿ ಕೆಳಗಿಟ್ಟು, ತಾವೇ ಎದ್ದು ಬಾಗಿಲ ಚಿಲಕ ತೆಗೆದರು.

ಬೀದಿಯ ಹೊಗೆ ಮುಖಕ್ಕೆ ರಾಚಿತು, ಕೆಮ್ಮು ಬಂತು. ಎದುರು ಗೋಡೆಗೆ ಒರಗಿ ಅವನು ನಿಂತಿದ್ದ. ಹತ್ತಿರ ಹೋದೆ, ಇನ್ನೂ ಹತ್ತಿರ ಹೋದೆ.

"ಸೋಪು ಹಚ್ಚಿ ಬಂದಿದೀರಾ?"

"ಎರಡು ಸಲ," ಎಂದ.

ಅವನ ಕೊರಳಿಗೆ ಮುಖ ಒತ್ತಿ ಎದೆ ತುಂಬ ಉಸಿರೆಳೆದುಕೊಂಡೆ.