ಹಿಮದ ಕಾಡಿನಲ್ಲಿ ಇಳಕಲ್ ಸೆರಗು

'ಯಾರದೋ ಸೆರಗು ನೋಡಿ ನನಗ್ಯಾಕೆ ಹೊಟ್ಟೆ ಉರೀಬೇಕು?'

ಧೃತಿ ತನ್ನನ್ನೇ ಕೇಳಿಕೊಂಡಳು.

ಸ್ಟ್ರಾಟ್‌ಫರ್ಡಿನ ಆ ಪುಟ್ಟ ಗ್ಯಾಲರಿಯ ತುಂಬ ಅಚಿಂತ್ಯ ತೆಗೆದ ಫೋಟೋಗಳು. ಫಿನ್ಲೆಂಡಿನ ಕಾಡು... ಹಿಮ ಹೊದ್ದ ಪೈನ್ ಮರಗಳು, ನಡುವೆ ತೆಳು ನೀಲಿ ಬೆಳಕು. ನೋಡುತ್ತ ನಿಂತರೆ ಉಸಿರೂ ಮೆಲ್ಲಗಾಗುವಂಥ ಮೌನ.

ಆದರೆ ಕೆಲವು ಫೋಟೋಗಳಲ್ಲಿ, ದೂರದಲ್ಲಿ, ಒಬ್ಬಳು ಬೆನ್ನು ತಿರುಗಿಸಿ ನಿಂತಿದ್ದಳು. ತಲೆಯ ಮೇಲೆ ಕೆಂಪು ಇಳಕಲ್ ಸೆರಗು!

'ಒಬ್ಬನೇ ಹೋಗಿದ್ದೆ ಅಂದಿದ್ದನಲ್ಲ...?'

ಹೋದ ವಾರವಷ್ಟೇ ಅವನು, "ನಿಮ್ಮ ಮನ್ಯಾಗ ಮಾತಾಡ್ಲೇನು?" ಎಂದು ಕೇಳಿದ್ದ. ಇವತ್ತು ಉತ್ತರ ಹೇಳುವುದಾಗಿ ಅವಳು ಮಾತು ಕೊಟ್ಟಿದ್ದಳು. ಹೌನ್ಸ್ಲೋದಿಂದ ಟ್ಯೂಬ್ ರೈಲಿನಲ್ಲಿ ಬರುವಾಗ ದಾರಿಯುದ್ದಕ್ಕೂ 'ಹೂಂ' ಅನ್ನುವುದನ್ನೇ ಅಭ್ಯಾಸ ಮಾಡಿದ್ದಳು. ಈಗ ಅದನ್ನು ಹೇಳುವ ಮನಸ್ಸೇ ಇರಲಿಲ್ಲ.

"ಏನೇ, ಫೋಟೋ ನೋಡ್ತಿದೀಯೋ, ಸಾಕ್ಷಿ ಹುಡುಕ್ತಿದೀಯೋ?" ಗೆಳತಿ ರಜನಿ ಛೇಡಿಸಿದಳು.

"ಇವಳ್ಯಾರೇ?"

"ಅವನ್ನೇ ಕೇಳು. ಬಾಯಿ ಬಿಡೋಕೆ ಧೈರ್ಯ ಇಲ್ಲ, ಅನುಮಾನಕ್ಕೇನೂ ಕಮ್ಮಿ ಇಲ್ಲ!"

ಅಷ್ಟರಲ್ಲಿ ಅಚಿಂತ್ಯನೇ ಬಂದ. "ಹೆಂಗದರೀ ನಮ್ಮ ಕಾಡು?"

"ಚೆನ್ನಾಗಿದೆ." ಧೃತಿಯ ಬೆರಳು ಕೆಂಪು ಸೆರಗಿನತ್ತ ಹೋಯಿತು. "ಇವರೂ... ಚೆನ್ನಾಗಿದ್ದಾರೆ."

ಅವನು ಒಂದು ಕ್ಷಣ ಕಕ್ಕಾಬಿಕ್ಕಿಯಾದ. ಆಮೇಲೆ ಗ್ಯಾಲರಿಯೇ ತಿರುಗಿ ನೋಡುವಂತೆ ನಕ್ಕುಬಿಟ್ಟ.

"ಅದು ನಾನ ಅಲ್ಲೇನ್ರೀ!"

"ಸೀರೆ ಉಟ್ಕೊಂಡಾ?!"

"ಉಟ್ಟಿಲ್ರೀ, ಹೊದ್ದೀನಿ! ಅವ್ವನ ಹಳೇ ಸೀರಿ, ಲೆನ್ಸಿಗೆ ಸುತ್ತಿ ಒಯ್ದಿದ್ದೆ. ಮನುಷ್ಯಾ ಒಬ್ಬ ನಿಲ್ಲದಿದ್ರ ಮರ ಎಷ್ಟು ಎತ್ತರ ಅಂತ ಫೋಟೋದಾಗ ತಿಳ್ಯಂಗಿಲ್ಲ. ಅಲ್ಲಿ ಬ್ಯಾರೆ ಯಾರಿದ್ರು? ಟೈಮರ್ ಇಟ್ಟು, ಹಿಮದಾಗ ಎದ್ದು ಕಾಣ್ಲಿ ಅಂತ ಕೆಂಪು ಸೀರಿ ಹೊದ್ದು, ಓಡಿಹೋಗಿ ನಿಂತೆ. ಜಾರಿ ಬಿದ್ದದ್ದೂ ಆತು!"

ಧೃತಿ ಫೋಟೋದ ಹತ್ತಿರ ಮುಖ ತಂದಳು. ಸೆರಗಿನ ಕೆಳಗೆ ದಪ್ಪ ಬೂಟು! ಅವಳ ಕಿವಿ ಬಿಸಿಯಾಯಿತು.

"ಯಾರು ಅನ್ಕೊಂಡಿದ್ರಿ?"

"ಯಾರೂ ಇಲ್ಲ... ಸುಮ್ನೆ ಕೇಳ್ದೆ."

ಅವನು ಮತ್ತೆ ಕೆದಕಲಿಲ್ಲ. ಮರಗಳನ್ನೇ ನೋಡುತ್ತ ಮೆಲ್ಲಗೆ ಹೇಳಿದ: "ಅಲ್ಲಿ ನಿಂತ್ರ ಮನಸಿನ ಗದ್ದಲೆಲ್ಲಾ ಅಡಗಿಬಿಡ್ತದ. ನನಗ ಉಳಿದದ್ದು ಒಂದ ವಿಚಾರ ನೋಡ್ರಿ... ವಾಪಸ್ ಬಂದ ಕೂಡ್ಲೆ ನಿಮ್ಮನ್ನ ಕೇಳ್ಬೇಕು ಅಂತ."

ಇಂಥ ಮಾತಿಗೆ ಧೃತಿ ರಾತ್ರಿ ಡೈರಿಯಲ್ಲಿ ಉತ್ತರ ಬರೆಯುವವಳು. ಎದುರಿಗಿದ್ದವರಿಗೆ ಎಂದೂ ಹೇಳಿದವಳಲ್ಲ. ಅವನು ಕಾದ... ಕಾದು, ಮೆಲ್ಲಗೆ ಆಚೆ ತಿರುಗಿದ.

ಅವಳು ಅವನ ತೋಳು ಹಿಡಿದು ನಿಲ್ಲಿಸಿದಳು.

"ಆಗ್ಲೇ ನಾನು ಸುಳ್ಳು ಹೇಳ್ದೆ. ಆ ಸೀರೆ ನೋಡಿ ನಂಗೆ ಅಳು ಬಂದಿತ್ತು. ನೀವು ಬೇರೆಯವರ ಪಾಲಾದ್ರೆ ನಂಗೆ ತಡ್ಕೊಳ್ಳೋಕಾಗಲ್ಲ, ಅಚಿಂತ್ಯ."