ಡಿಕ್ಕಿ ಮುಚ್ಚಿದಾಗ ಕಂಡ ಬೆಳಕು

“ನಿಜ ಹೇಳಿ ಮೇಷ್ಟ್ರೇ... ನಿಮ್ಮ ಗಾಡಿ ಕೆಟ್ಟಿದೆಯಾ, ಇಲ್ಲಾ ಇಲ್ಲಿಗೆ ಬರೋಕೆ ಒಂದು ನೆಪ ಬೇಕಿತ್ತಾ?”

ಗಾಳಿ ತುಂಬುವ ಯಂತ್ರ ಕೂಡ ಸರಿಯಾಗಿ ಆಗಲೇ ನಿಲ್ಲಬೇಕೇ! ಅವಳ ಮಾತು ಮೂಲೆಯಲ್ಲಿ ಬಣ್ಣ ಬಳಿಯುತ್ತಿದ್ದ ಪೇಂಟರಣ್ಣನ ಕಿವಿಗೂ ಬಿತ್ತು, ಗಾಜಿನ ಕೋಣೆಯಲ್ಲಿದ್ದ ಗ್ಯಾರೇಜ್ ಯಜಮಾನ, ಅವಳ ಚಿಕ್ಕಪ್ಪನ ಕಿವಿಗೂ ಬಿತ್ತು.

ಡ್ರೈವಿಂಗ್ ಸ್ಕೂಲ್ ಮೇಷ್ಟ್ರ ಮುಖ ಕೆಂಪೇರಿತು. ಕೀ ತೆಗೆದುಕೊಂಡು ಗಾಡಿ ಹತ್ತಿ ಹೊರಟೇ ಹೋದ.

‘ಹೋಗಲಿ! ನನ್ನ ಕೆಲಸ ಅಂದ್ರೆ ಇವರಿಗೆ ಆಟ ಆಗಿಬಿಟ್ಟಿದೆ!’ ಅಂದುಕೊಂಡಳು. ಹಾಗಂದುಕೊಂಡ ಮೇಲೂ ಒರೆಸಿದ ಸ್ಪ್ಯಾನರನ್ನೇ ಮತ್ತೆ ಮತ್ತೆ ಯಾಕೆ ಒರೆಸಬೇಕು, ನೀವೇ ಹೇಳಿ!

ಅವಳು ಆ ಗ್ಯಾರೇಜಿನ ಎಲೆಕ್ಟ್ರಿಷಿಯನ್. ಅಲ್ಲಿ ಎಲ್ಲರಿಗೂ ಅವಳು ‘ಕರೆಂಟಮ್ಮ’. ಮುಟ್ಟಿದರೆ ಶಾಕ್ ಹೊಡೆಯುತ್ತಾಳೆ ಅನ್ನುವುದು ಪೇಂಟರಣ್ಣನ ವಿವರಣೆ.

ಮೇಷ್ಟ್ರು ಮೊದಲ ಸಲ ಬಂದದ್ದು ಒಂದು ವಿಚಿತ್ರ ದೂರು ಹೊತ್ತುಕೊಂಡು. ಹೋಗುತ್ತಾ ಹೋಗುತ್ತಾ ಹಿಂದಿನ ಲೈಟುಗಳೆಲ್ಲ ಆರಿಹೋಗುತ್ತವಂತೆ. ಬ್ರೇಕ್ ಒತ್ತಿದರೂ ಹತ್ತುವುದಿಲ್ಲವಂತೆ. ಸ್ವಲ್ಪ ಹೊತ್ತಿಗೆ ಏನೂ ಆಗೇ ಇಲ್ಲವೆಂಬಂತೆ ತಾವೇ ಹತ್ತಿಕೊಳ್ಳುತ್ತವಂತೆ!

“ಬಲ್ಬ್ ಹೋಗಿರಬೇಕು, ಅಲ್ವಾ?” ಎಂದಿದ್ದ.

“ಇದರಲ್ಲಿ ಹಳೇ ಕಾಲದ ಬಲ್ಬ್ ಇಲ್ಲ ಮೇಷ್ಟ್ರೇ. ನೀವು ಬ್ರೇಕ್ ಒತ್ತಿದ್ರೆ ಮುಂದಿರೋ ಕಂಪ್ಯೂಟರ್ ಈ ಎರಡು ವೈರಲ್ಲಿ ಸುದ್ದಿ ಕಳಿಸುತ್ತೆ. ಹಿಂದಿನ ಲೈಟು ‘ಆಯ್ತು’ ಅಂತ ಉತ್ತರ ಕೊಟ್ಟು ಹತ್ತಿಕೊಳ್ಳುತ್ತೆ. ನಡುನಡುವೆ ಆ ಉತ್ತರಾನೇ ಬರ್ತಿಲ್ಲ ಅಂತ ದೋಷ ಓದೋ ಈ ಸ್ಕ್ಯಾನರ್ ಹೇಳ್ತಿದೆ.”

ಡಿಕ್ಕಿ ತೆರೆದು, ಒಂದಕ್ಕೊಂದು ಹೆಣೆದುಕೊಂಡಿದ್ದ ಆ ಎರಡು ಸಣ್ಣ ವೈರುಗಳಿಗೆ ಅವಳು ಸ್ಕೋಪ್ ಜೋಡಿಸಿದಳು. ವೈರಿನೊಳಗಿನ ವಿದ್ಯುತ್ತನ್ನು ಗೆರೆಯಾಗಿ ತೋರಿಸುವ ಪುಟ್ಟ ಯಂತ್ರ ಅದು. ಪರದೆಯ ಮೇಲೆ ಎರಡು ಗೆರೆ ಎದ್ದವು. ಒಂದು ಮೇಲೆ ಹಾರಿದರೆ ಇನ್ನೊಂದು ಅಷ್ಟೇ ಕೆಳಗೆ ಇಳಿಯುತ್ತಿತ್ತು. ಒಂದು ಕ್ಷಣವೂ ತಪ್ಪಿಲ್ಲ.

ಅವನು ಅವಳ ಪಕ್ಕ ಬಂದು ಬಗ್ಗಿದ. ಕಣ್ಣು ಪಿಳುಕಿಸಲಿಲ್ಲ.

“ಅಬ್ಬಾ...! ಇವು ಇಷ್ಟು ದಿನ ಹೀಗೆ ಮಾತಾಡ್ತಾನೇ ಇದ್ವಾ? ನಾನು ಒಳಗೆ ಕೂತು ‘ಕ್ಲಚ್ ಬಿಡಿ, ಕ್ಲಚ್ ಬಿಡಿ’ ಅಂತ ಗಂಟಲು ಹರ್ಕೊಳ್ತಿದ್ದೆ!”

ಅವಳು ನಕ್ಕುಬಿಟ್ಟಳು. ವರ್ಷಗಳಿಂದ ಆ ಗೆರೆಗಳನ್ನು ನೋಡುತ್ತಿದ್ದಳು. ‘ಎಷ್ಟಾಗುತ್ತೆ, ಎಷ್ಟು ಹೊತ್ತಾಗುತ್ತೆ’ ಅನ್ನುವವರೇ ಎಲ್ಲ. ಬಾಯಿ ಬಿಟ್ಟುಕೊಂಡು ನೋಡಿದವನು ಇವನೊಬ್ಬನೇ! ಅವನ ಕಣ್ಣಿಂದ ನೋಡಿದಾಗ ಅವಳಿಗೂ ಅದು ಮೊದಲ ದಿನದಷ್ಟೇ ದೊಡ್ಡದಾಗಿ ಕಂಡಿತು.

ಆದರೆ ದೋಷ ಕಾಣಲಿಲ್ಲ. ಜೋಡಣೆಗಳನ್ನೆಲ್ಲ ಒರೆಸಿ ಕಳಿಸಿದಳು. ಎರಡನೇ ಸಲ ಬಂದಾಗಲೂ ಸ್ಕ್ಯಾನರಿನಲ್ಲಿ ಅದೇ ದೂರು, ಸ್ಕೋಪಿನಲ್ಲಿ ಅದೇ ಚಂದದ ಗೆರೆ. ಮೂರನೇ ಸಲ ಸ್ಕ್ಯಾನರೂ ಖಾಲಿ. ದೋಷದ ಒಂದೇ ಒಂದು ಗುರುತಿಲ್ಲ!

“ರೋಗ ಗಾಡಿಗಲ್ಲ ಕಣಮ್ಮ, ಓಡಿಸೋನಿಗೆ!” ಎಂದು ಪೇಂಟರಣ್ಣ ಕಿಸಕ್ಕನೆ ನಕ್ಕ. ಅವಳ ಮೈಯೆಲ್ಲ ಉರಿಯಿತು. ಆಮೇಲೆ ಆದದ್ದನ್ನು ನೀವು ನೋಡಿದ್ದೀರಿ.

* * *

ಒಂದು ವಾರ ಅವನ ಸುಳಿವಿಲ್ಲ. ಗೇಟಿನಲ್ಲಿ ಹಾರ್ನ್ ಕೇಳಿದಾಗಲೆಲ್ಲ ಅವಳ ಕತ್ತು ತಾನಾಗಿಯೇ ತಿರುಗುತ್ತಿತ್ತು.

ಒಂದು ಬೆಳಿಗ್ಗೆ ಆ ಗಾಡಿ ಮೆಲ್ಲನೆ ಒಳಗೆ ಬಂತು. ಹಿಂದಿನ ಸೀಟಿನಿಂದ ಅವನ ಅಮ್ಮ ಇಳಿದರು. ಮುಖ ಬಿಳಿಚಿಕೊಂಡಿತ್ತು. ಅವನು ಅವಳತ್ತ ನೋಡಲಿಲ್ಲ. ನೇರ ಚಿಕ್ಕಪ್ಪನ ಹತ್ತಿರ ಹೋದ.

“ಇವತ್ತು ದೋಷ ಸಿಗಲಿಲ್ಲ ಅಂದ್ರೆ ಈ ಗಾಡೀನ ಬಿಟ್ಟುಬಿಡ್ತೀನಿ ಸಾರ್. ಕಲಿಯೋರ ಜೀವದ ಜೊತೆ ಆಟ ಆಡಕ್ಕಾಗಲ್ಲ.”

ಅಮ್ಮನೇ ಅವಳಿಗೆ ಎಲ್ಲ ಹೇಳಿದರು. ಈ ವಯಸ್ಸಿನಲ್ಲಿ ಮಗನ ಹತ್ತಿರ ಡ್ರೈವಿಂಗ್ ಕಲಿಯುತ್ತಿದ್ದರಂತೆ. ನಿನ್ನೆ ತಿರುವಿನಲ್ಲಿ ಬ್ರೇಕ್ ಒತ್ತಿದರು. ಹಿಂದೆ ಲೈಟು ಹತ್ತಲಿಲ್ಲ. ಲಾರಿಯೊಂದು ಕಿರ್ರೆಂದು ಅರಚಿಕೊಂಡು ಗೇಣು ದೂರದಲ್ಲಿ ನಿಂತಿತಂತೆ.

“ಲಾರಿಯವನು ಬೈಯಲಿಲ್ಲಮ್ಮ. ಇಳಿದು ಬಂದು ನೀರು ಕೊಟ್ಟ... ಸಾಕಪ್ಪಾ ಸಾಕು, ನಾನಿನ್ನು ಸ್ಟೇರಿಂಗ್ ಮುಟ್ಟಲ್ಲ.”

‘ದೋಷ ನಿಜವಾಗಿಯೂ ಇತ್ತು... ಪಾಪ, ನಿಜ ಹೇಳಿದವರನ್ನ ಎಲ್ಲರೆದುರು ಸುಳ್ಳುಗಾರ ಮಾಡಿದೆನಲ್ಲ! ನಾನು ಅವಮಾನ ಮಾಡದಿದ್ರೆ ಅವರು ನಿನ್ನೆಗೆ ಮುಂಚೆನೇ ಬರ್ತಿದ್ರೋ ಏನೋ!’

ಅವಳು ಡಿಕ್ಕಿ ತೆರೆದಳು. ಒಳಗಿನ ಹೊದಿಕೆ ಬಿಚ್ಚಿದಳು. ಸ್ಕೋಪಿನಲ್ಲಿ ಎರಡು ಗೆರೆ, ಅದೇ ಅಂದ, ಅದೇ ಜೋಡಿ. ಬ್ರೇಕ್ ಒತ್ತಿದರೆ ಲೈಟು ಝಗ್ಗನೆ ಹತ್ತಿತು. ವೈರು ಎಳೆದು ನೋಡಿದಳು. ಏನೂ ಇಲ್ಲ! ಅವಳಿಗೆ ಅಳುವೇ ಬಂತು.

ಕುರ್ಚಿ ಎಳೆದುಕೊಂಡು ಕೂತಿದ್ದ ಅಮ್ಮ ಇಣುಕಿದರು. “ನೀನು ಯಾವಾಗಲೂ ಹೀಗೇ ಡಿಕ್ಕಿ ತೆಗೆದಿಟ್ಟೇ ನೋಡ್ತೀಯಾ?”

“ಹೌದಮ್ಮ. ವೈರೆಲ್ಲ ಇಲ್ಲೇ ಇರೋದಲ್ವಾ? ಮುಚ್ಚಿದ್ರೆ ನನ್ನ ಯಂತ್ರದ ತಂತಿ ಬಾಗಿಲಿಗೆ ಸಿಕ್ಕಿ ನಜ್ಜುಗುಜ್ಜಾಗುತ್ತೆ.”

“ನಂಗೊತ್ತಿಲ್ಲಪ್ಪ ಇದೆಲ್ಲ. ನನ್ನ ದವಡೆ ಹಲ್ಲು ಇದೆಯಲ್ಲ, ಡಾಕ್ಟ್ರು ‘ಆ...’ ಅನ್ನಿಸಿ ನೋಡಿದ್ರೆ ಒಂದಿಷ್ಟೂ ನೋಯಲ್ಲ. ಮನೆಗೆ ಬಂದು ಬಾಯಿ ಮುಚ್ಚಿ ಅಗಿದ್ರೆ ಪ್ರಾಣ ಹೋಗುತ್ತೆ!”

ಅವಳು ತಲೆ ಎತ್ತಿ ತೆರೆದಿದ್ದ ಡಿಕ್ಕಿಯ ಬಾಗಿಲನ್ನೇ ನೋಡಿದಳು.

ರಸ್ತೆಯಲ್ಲಿ ಯಾರಾದರೂ ಡಿಕ್ಕಿ ತೆರೆದುಕೊಂಡು ಓಡಿಸುತ್ತಾರಾ? ಗಾಡಿ ಬಂದ ಪ್ರತಿ ಸಲವೂ ವೈರು ನೋಡಲು ಅವಳು ಮಾಡಿದ ಮೊದಲ ಕೆಲಸ ಡಿಕ್ಕಿ ತೆರೆಯುವುದು... ಅಂದರೆ ಪ್ರತಿ ಸಲವೂ ದೋಷವನ್ನು ತಾನೇ ಕೈಯಾರೆ ಮರೆಮಾಡಿ ಆಮೇಲೆ ಹುಡುಕಿದ್ದಳು!

“ಅಮ್ಮಾ! ನೀವು ದೇವರು ಕಣಮ್ಮ! ಬನ್ನಿ, ಡ್ರೈವರ್ ಸೀಟಲ್ಲಿ ಕೂತು ಬ್ರೇಕ್ ಒತ್ತಿ ಹಿಡ್ಕೊಳ್ಳಿ.”

“ನಾನಾ? ಆಗಲ್ಲಮ್ಮ...”

“ಗಾಡಿ ಒಂದಿಂಚೂ ಅಲ್ಲಾಡಲ್ಲ. ನಾನೇ ಹಿಂದೆ ಒಳಗಿರ್ತೀನಿ. ನಿಮ್ಮನ್ನ ನಂಬಿ ಕೂತ್ಕೊಳ್ತೀನಿ.”

ಅಮ್ಮ ಮಗನ ಮುಖ ನೋಡಿದರು. ಆಮೇಲೆ ಸೆರಗು ಸರಿಮಾಡಿಕೊಂಡು ಹೋಗಿ ಕೂತರು.

ಅವಳು ಸ್ಕೋಪ್ ತಬ್ಬಿಕೊಂಡು ಡಿಕ್ಕಿಯೊಳಗೆ ಮುದುರಿ ಕೂತಳು. “ಮೇಷ್ಟ್ರೇ... ಮುಚ್ಚಿ.”

ಅವನು ಅಂದು ಮೊದಲ ಸಲ ಅವಳ ಕಣ್ಣಲ್ಲಿ ಕಣ್ಣಿಟ್ಟು ನೋಡಿದ. “ಭಯ ಆದ್ರೆ ಒಂದು ಸಲ ತಟ್ಟಿ. ತಕ್ಷಣ ತೆಗಿತೀನಿ.”

ಬಾಗಿಲು ಮುಚ್ಚಿತು. ಸುತ್ತ ಕಗ್ಗತ್ತಲು. ನಡುವೆ ಅಂಗೈಯಗಲದ ಪರದೆ. ಅದರ ಮೇಲೆ ಆ ಎರಡು ಗೆರೆಗಳು ಏರುತ್ತ, ಇಳಿಯುತ್ತ ಓಡುತ್ತಿದ್ದವು. ಅವಳಿಗೆ ರೋಮಾಂಚನವಾಯಿತು. ಹೊರಗಿನ ಸದ್ದೆಲ್ಲ ದೂರವಾಗಿತ್ತು. ‘ಯಾರೂ ನೋಡದಿದ್ದರೂ, ಈ ಕತ್ತಲಲ್ಲಿ, ಇವು ಒಂದನ್ನೊಂದು ಬಿಡದೆ ಹೀಗೇ ಓಡ್ತಿದ್ವಲ್ಲ!’

“ಮೇಲಿಂದ ತಟ್ಟಿ! ರಸ್ತೆ ಗುಂಡಿ ಥರ!” ಕೂಗಿದಳು.

ಧಡ್. ಗೆರೆ ಬದಲಾಗಲಿಲ್ಲ.

ಧಡ್... ಒಂದು ಗೆರೆ ಸಪಾಟಾಗಿ ಮಲಗಿಬಿಟ್ಟಿತು! ಇನ್ನೊಂದು ಮಾತ್ರ ಒಂಟಿಯಾಗಿ ಹಾರುತ್ತಿತ್ತು.

“ಲೈಟು ಆರಿಹೋಯ್ತು!” ಹೊರಗಿನಿಂದ ಅವನ ಕೂಗು.

ಅವಳು ಉಸಿರು ಬಿಗಿಹಿಡಿದು ಕೈ ಮೇಲೆ ಚಾಚಿದಳು. ಬಾಗಿಲಲ್ಲಿರುವ ಲೈಟಿಗೆ ಹೋಗುವ ವೈರುಗಳು ಕೀಲಿನ ಹತ್ತಿರ ರಬ್ಬರ್ ಕೊಳವೆಯೊಂದರೊಳಗೆ ಹಾದುಹೋಗುತ್ತವೆ. ಬೆರಳಿನಿಂದ ಒಂದೊಂದೇ ಜಾಗ ಅಮುಕುತ್ತ ಬಂದಳು. ಬಾಗುವ ಕಡೆ ಒಂದು ವೈರು ಮೆತ್ತಗಿತ್ತು. ಅಲ್ಲಿ ಒತ್ತಿದಳು.

ಮಲಗಿದ್ದ ಗೆರೆ ಎದ್ದು ಜೊತೆಗಾರನ ಪಕ್ಕ ಓಡತೊಡಗಿತು.

“ಹತ್ತಿತು! ಹತ್ತಿತು ಕಣ್ರೀ!” ಅವನು ಹೊರಗಿನಿಂದ ಕೂಗಿದ.

ಬಾಗಿಲು ತೆರೆದಾಗ ಅವಳ ಕೆನ್ನೆ ಒದ್ದೆಯಾಗಿತ್ತು. ರಬ್ಬರ್ ಕೊಳವೆ ಸರಿಸಿ ಅವನಿಗೆ ತೋರಿಸಿದಳು. ಮೇಲಿನ ಸಿಪ್ಪೆ ಹಾಗೇ ಇತ್ತು, ಒಳಗಿನ ತಾಮ್ರ ತುಂಡಾಗಿತ್ತು. ಬಾಗಿಲು ತೆರೆದರೆ ತುದಿಗಳು ಕೂಡುತ್ತಿದ್ದವು, ಮುಚ್ಚಿ ಒಂದು ಕುಲುಕಾದರೆ ಬೇರಾಗುತ್ತಿದ್ದವು.

* * *

ಹೊಸ ವೈರು ಬೆಸೆದು ಡಿಕ್ಕಿ ಮುಚ್ಚಿದರು. “ಅಮ್ಮಾ, ಒತ್ತಿ!”

ಗಾಡಿಯ ಬೆನ್ನ ಮೇಲೆ ನಡುವಿನಿಂದ ಎರಡೂ ತುದಿಗೆ ಕೆಂಪು ಹರಡಿತು. ಅವನು ತಟ್ಟಿದ, ಗುದ್ದಿದ, ಕುಲುಕಿದ. ಬೆಳಕು ಅಲುಗಲಿಲ್ಲ. ಪೇಂಟರಣ್ಣ ಕೂಡ ಬ್ರಶ್ ಕೆಳಗಿಟ್ಟು ನೋಡುತ್ತ ನಿಂತ.

ಅವಳು ತಲೆ ತಗ್ಗಿಸಿದಳು. “ಮೇಷ್ಟ್ರೇ, ಕ್ಷಮಿಸಿ. ನೀವು ನಿಜಾನೇ ಹೇಳ್ತಿದ್ರಿ. ನಾನು ನೆಪ ಅಂದ್ಬಿಟ್ಟೆ...”

ಅವನು ಕಿವಿ ಕೆರೆದುಕೊಂಡ. “ಅದು... ಮೊದಲೆರಡು ಸಲ ಲೈಟಿಗೇ ಬಂದಿದ್ದೆ.”

“ಮೂರನೇ ಸಲ?”

“ಮೂರನೇ ಸಲ... ಅದಕ್ಕೆ ಮುಂಚಿನ ವಾರವೆಲ್ಲ ಲೈಟು ಚೆನ್ನಾಗೇ ಇತ್ತು.”

ಅವಳು ಥಟ್ಟನೆ ತಲೆ ಎತ್ತಿದಳು. “ಅಂದ್ರೆ... ನಾನು ಬೈದಿದ್ದು ಸರಿಯಾಗೇ ಇತ್ತಾ!”

“ನೂರಕ್ಕೆ ನೂರು. ಅದಕ್ಕೇ ಬಾಯಿ ಮುಚ್ಕೊಂಡು ಹೋದೆ. ಆಮೇಲೆ ಲೈಟು ನಿಜವಾಗ್ಲೂ ಆರಿದಾಗ ಬರೋಕೆ ಮುಖ ಇರಲಿಲ್ಲ. ನನ್ನ ಒಂದು ಸುಳ್ಳಿಂದ ಅಮ್ಮನ ಪ್ರಾಣಕ್ಕೇ...” ಅವನು ಮುಂದಿನ ಸೀಟಿನ ಕಡೆ ನೋಡಿದ. “ಮೂರನೇ ಸಲ ಯಾಕೆ ಬಂದೆ ಅಂದ್ರೆ... ಆ ಗೆರೆಗಳನ್ನ ಮತ್ತೆ ನೋಡ್ಬೇಕು ಅನ್ನಿಸ್ತು. ಅದನ್ನ ನೋಡುವಾಗ ನಿಮ್ಮ ಮುಖ ಹೇಗಾಗುತ್ತೆ, ಅದನ್ನೂ ನೋಡ್ಬೇಕು ಅನ್ನಿಸ್ತು. ನಂಗೆ ನೀವು ಇಷ್ಟ. ನೇರವಾಗಿ ಹೇಳೋಕೆ ಧೈರ್ಯ ಬರಲಿಲ್ಲ, ಅಷ್ಟೇ.”

ಅವಳ ಮುಖದ ಮೇಲಿದ್ದ ಕೆಂಪು ಪೂರ್ತಿ ಬ್ರೇಕ್ ಲೈಟಿನದೇ ಅನ್ನಲು ನನಗೆ ಧೈರ್ಯವಿಲ್ಲ!

“ಏನ್ರೋ ಅದು ಹಿಂದೆ!” ಮುಂದಿನಿಂದ ಅಮ್ಮ ಕೂಗಿದರು. “ನಾನಿನ್ನೂ ಬ್ರೇಕ್ ಒತ್ಕೊಂಡೇ ಕೂತಿದ್ದೀನಿ! ಕಾಲು ಬಿಡ್ಲಾ, ಬೇಡ್ವಾ?”

“ಇನ್ನೊಂದು ಸ್ವಲ್ಪ ಹೊತ್ತು ಒತ್ತಿರಿ ಅಮ್ಮ!” ಅವಳು ಕೂಗಿದಳು.

“ಸರಿ ಸರಿ, ಬೇಗ ಮುಗಿಸಿ! ಮನೆಗೆ ನಾನೇ ಓಡಿಸ್ಕೊಂಡು ಹೋಗ್ತೀನಿ!”

ಅವನು ಬೆರಗಾಗಿ ಅವಳ ಕಡೆ ನೋಡಿದ.

“ಮತ್ತೆ ಯಾವಾಗ ಬರ್ತೀರಾ?” ಅವಳು ಮೆಲ್ಲಗೆ ಕೇಳಿದಳು.

“ಗಾಡಿ ಸರಿಹೋಯ್ತಲ್ಲ... ಇನ್ನು ಏನಂತ ಬರ್ಲಿ?”

“ಏನೂ ಅನ್ನಬೇಡಿ,” ಎಂದಳು ಅವಳು. “ಸುಮ್ನೆ ಬನ್ನಿ. ನಾನು ಕಾಯ್ತಿರ್ತೀನಿ.”