ಮೇಣದ ಮುಖಕ್ಕೆ ಬೆಳೆದ ಕೂದಲು

ಸೂಜಿಯ ಮೊನೆ ಹುಬ್ಬಿಗೆ ತಾಗುವುದರಲ್ಲಿತ್ತು. ಅಷ್ಟರಲ್ಲಿ ಆ ಮೇಣದ ಗೊಂಬೆ ಕಣ್ಣು ಮಿಟುಕಿಸಿತು!

ಅವಳ ಎದೆ ಧಸಕ್ಕೆಂದಿತು. ಸೂಜಿ ಹಿಡಿದೇ ಹಿಂದಕ್ಕೆ ಸರಿದಳು.

“ನನ್ನ ಹುಬ್ಬು ಚೆನ್ನಾಗೇ ಇದೆ ಮೇಡಂ,” ಎಂದಿತು ಗೊಂಬೆ, ತುಟಿಯನ್ನಷ್ಟೇ ಅಲುಗಿಸಿ. “ನೀವು ಹುಡುಕ್ತಿರೋ ಕಾವಲುಗಾರ ಪಕ್ಕದಲ್ಲಿದಾನೆ.”

ಪಕ್ಕಕ್ಕೆ ತಿರುಗಿದಳು. ಅದೇ ಖಾಕಿ, ಅದೇ ಟೋಪಿ, ಅದೇ ನಿಲುವು... ಹುಬ್ಬು ಮಾತ್ರ ಅರ್ಧ!

“ಅಲ್ರೀ, ಗರ ಬಡಿದವರ ಥರ ಯಾಕೆ ನಿಂತಿದ್ರಿ?”

“ಕಾವಲುಗಾರ ಹೇಗೆ ನಿಲ್ತಾನೆ ಅಂತ ನಾನೂ ಒಂದು ಖಾಕಿ ತೊಟ್ಟು ನಿಂತು ನೋಡ್ತಿದ್ದೆ. ಅಷ್ಟರಲ್ಲಿ ನೀವು ಬಂದ್ರಿ... ಆಮೇಲೆ ಅಲ್ಲಾಡೋಕೆ ಮನಸ್ಸಾಗ್ಲಿಲ್ಲ.”

ಎಷ್ಟು ಧೈರ್ಯ ನೋಡಿ ಇವನಿಗೆ! ಪರಿಚಯವಾದ ಮೊದಲ ದಿನವೇ ಇಂಥ ಮಾತು. ಅವಳು ಸಿಟ್ಟಿನಿಂದ ಮುಖ ತಿರುಗಿಸಿದಳು. ಆದರೆ ಅದು ಬರೀ ಸಿಟ್ಟಾಗಿರಲಿಲ್ಲ ಎಂಬುದು ಅವಳ ಕಿವಿಗಳಿಗೆ ಗೊತ್ತಿತ್ತು. ಅವೆರಡೂ ಕೆಂಪಾಗಿದ್ದವು.

ಅದು ಮೇಣದ ಗೊಂಬೆಗಳನ್ನು ಮಾಡುವ ಕಾರ್ಖಾನೆ. ಉದ್ದನೆಯ ಕೋಣೆ. ಗೋಡೆಯುದ್ದಕ್ಕೂ ಕಪಾಟಿನಲ್ಲಿ ತಲೆಗಳು. ಕೆಲವಕ್ಕೆ ಇನ್ನೂ ಕಣ್ಣಿಲ್ಲ, ಕೆಲವಕ್ಕೆ ಕೂದಲಿಲ್ಲ. ಗಾಜಿನ ಕಣ್ಣುಗಳು ಜೋಡಿ ಜೋಡಿಯಾಗಿ ತಟ್ಟೆಯಲ್ಲಿ ಕುಳಿತು, ಯಾರು ಎತ್ತ ಹೋದರೂ ಅತ್ತಲೇ ನೋಡುತ್ತಿದ್ದವು. ಮುಗಿದ ತಲೆಗಳಿಗೆಲ್ಲ ಯಜಮಾನರು ಬಿಳಿ ಬಟ್ಟೆ ಮುಚ್ಚಿಸುತ್ತಿದ್ದರು. ಯಾಕೆಂದು ಕೇಳಿದರೆ, “ಸುಮ್ನೆ ಕಣಮ್ಮ, ಬೆನ್ನಿಗೆ ನೋಟ ತಾಗ್ತಾ ಇದ್ರೆ ಕೆಲಸ ಸಾಗಲ್ಲ,” ಎನ್ನುತ್ತಿದ್ದರು.

ಬೆಚ್ಚಗಿನ ಮೇಣಕ್ಕೆ ಒಂದೊಂದೇ ಕೂದಲು ನೆಡುವುದು ಅವಳ ಕೆಲಸ. ಹಾಗಾಗಿ ಎಲ್ಲರ ಬಾಯಲ್ಲೂ ಅವಳು ‘ಸೂಜಿ’ಯಾದಳು. ಅಂದು ಗೊಂಬೆಯಂತೆ ನಿಂತಿದ್ದವನ ಕೆಲಸ ಜೀವಂತ ಮನುಷ್ಯರ ಮುಖದಿಂದ ಅಚ್ಚು ತೆಗೆಯುವುದು, ಹಾಗಾಗಿ ಅವನು ‘ಅಚ್ಚಣ್ಣ’. ಅವಳಿಗೆ ಮಾತ್ರ ಆ ‘ಅಣ್ಣ’ ಎಂಬುದು ಬಾಯಿಗೆ ಬರಲೇ ಇಲ್ಲ. “ಏನ್ರೀ... ನೋಡ್ರೀ...” ಎಂದು ಹೇಗೋ ತೇಲಿಸುತ್ತಿದ್ದಳು. ಅವನೂ ಅದನ್ನು ಗಮನಿಸಿ ಒಳಗೊಳಗೇ ಖುಷಿಪಡುತ್ತಿದ್ದ, ಕಳ್ಳ!

ಆದರೆ ಅವಳು ಅವನ ಹತ್ತಿರ ಎಂದೂ ಪೂರ್ತಿ ಬರುತ್ತಿರಲಿಲ್ಲ. ಎಂಥ ಸೆಕೆಯಿದ್ದರೂ ಕುತ್ತಿಗೆಗೆ ದುಪಟ್ಟಾ. ನಗುವಾಗ ಗದ್ದಕ್ಕೆ ಅಡ್ಡ ಕೈ.

ಕಾರಣ ಆ ಗದ್ದದಲ್ಲೇ ಇತ್ತು. ಅಲ್ಲಿ ಕೂದಲು ಬೆಳೆಯುತ್ತಿತ್ತು. ದಪ್ಪ, ಕಪ್ಪು, ಗಂಡಸರ ಗಡ್ಡದಂಥ ಕೂದಲು. ದಿನಾ ಬೆಳಗ್ಗೆ ಚಿಮುಟದಿಂದ ಕೀಳುತ್ತಿದ್ದಳು, ಸಂಜೆಗೆ ಮತ್ತೆ ಬೆರಳಿಗೆ ಸಿಗುತ್ತಿತ್ತು. ತಲೆಯಲ್ಲಿ ನೋಡಿದರೆ ಬೈತಲೆ ಅಗಲವಾಗುತ್ತಾ ಹೋಗುತ್ತಿತ್ತು. ಕತ್ತಿನ ಹಿಂದೆ ಉಜ್ಜಿದರೂ ಹೋಗದ ಕಪ್ಪು. ಮುಟ್ಟು ಬಂದು ತಿಂಗಳುಗಳೇ ಆಗಿದ್ದವು.

‘ನನ್ನೊಳಗೆ ಬೇರೆ ಯಾರೋ ಇದಾರೆ. ನಿಧಾನವಾಗಿ ಹೊರಗೆ ಬರ್ತಿದಾರೆ...’ ಕನ್ನಡಿ ನೋಡಿದಾಗಲೆಲ್ಲ ಅವಳಿಗೆ ಹಾಗೇ ಅನ್ನಿಸುತ್ತಿತ್ತು.

ಹಿಂದೊಮ್ಮೆ ಸ್ಕ್ಯಾನ್ ಆಗಿತ್ತು. ವರದಿ ತಂದ ಚಿಕ್ಕಮ್ಮ ಅದರಲ್ಲಿದ್ದ ‘ಸಿಸ್ಟ್’ ಎಂಬ ಪದವನ್ನು ಯಾರ ಹತ್ತಿರವೋ ಕೇಳಿಕೊಂಡು ಬಂದು, ಬಾಗಿಲು ಹಾಕಿ ಪಿಸುಗುಟ್ಟಿದ್ದಳು. “ಗೆಡ್ಡೆಯಂತೆ ಕಣೇ! ಎರಡೂ ಕಡೆ, ಸರದ ಮಣಿ ಥರ. ಮಕ್ಕಳಾಗಲ್ಲ. ಮದುವೆ ಆಗೋವರೆಗೂ ಬಾಯಿ ಬಿಟ್ಟೀಯ, ಜೋಕೆ!”

ಅಮ್ಮನಿಲ್ಲದ ಹುಡುಗಿಗೆ ಚಿಕ್ಕಮ್ಮನ ಮಾತೇ ವೇದವಾಕ್ಯ. ಮತ್ತೆ ಡಾಕ್ಟರ ಹತ್ತಿರ ಹೋಗಲೇ ಇಲ್ಲ. ಹೋದರೆ ಗೆಡ್ಡೆ ಎಷ್ಟು ಬೆಳೆದಿದೆ ಎಂದು ಹೇಳಿಬಿಡುತ್ತಾರಲ್ಲ ಎಂಬ ಹೆದರಿಕೆ.

ಹೀಗಿರುವಾಗ ಒಂದು ದಿನ ಯಜಮಾನರು, “ಪ್ರದರ್ಶನಕ್ಕೆ ಒಬ್ಬ ದರ್ಜಿ ಹೆಂಗಸಿನ ಗೊಂಬೆ ಬೇಕು. ಮುಖ ನಮ್ಮ ಸೂಜಿದೇ ಇರ್ಲಿ,” ಎಂದುಬಿಟ್ಟರು.

ಬೇಡ ಎನ್ನಲು ಬಾಯಿ ತೆರೆದಳು. ಅಚ್ಚಣ್ಣನ ಕಣ್ಣಲ್ಲಿ ಹೊಳೆದ ಆಸೆ ನೋಡಿ ಬಾಯಿ ಮುಚ್ಚಿದಳು. ಪ್ರೀತಿ ಎಂಥ ಕೆಲಸ ಮಾಡಿಸುತ್ತದೆ ನೋಡಿ!

ಆ ಬೆಳಗ್ಗೆ ಅವಸರದಲ್ಲಿ ಕೈಗೆ ಸಿಕ್ಕಷ್ಟು ಕಿತ್ತು, ಉಳಿದದ್ದಕ್ಕೆ ಪೌಡರ್ ಬಳಿದುಕೊಂಡು ಬಂದಳು.

ಅವನು ಅವಳನ್ನು ಬೆಂಚಿನ ಮೇಲೆ ಮಲಗಿಸಿದ. ಹುಬ್ಬಿಗೆ, ರೆಪ್ಪೆಗೆ ವ್ಯಾಸಲೀನ್ ಸವರಿದ. “ಮೂಗಿನ ಹೊಳ್ಳೆ ಬಿಟ್ಟಿರ್ತೀನಿ, ಉಸಿರಿಗೆ ತೊಂದ್ರೆ ಇಲ್ಲ. ಮಾತಾಡೋ ಹಾಗಿಲ್ಲ. ಹೌದು ಅಂದ್ರೆ ಒಂದು ಬೆರಳು, ಬೇಡ ಅಂದ್ರೆ ಎರಡು.”

ತಣ್ಣನೆಯ ಪ್ಲಾಸ್ಟರ್ ಹಣೆಯಿಂದ ಇಳಿಯಿತು. ಕಣ್ಣು ಮುಚ್ಚಿತು, ತುಟಿ ಮುಚ್ಚಿತು. ಕತ್ತಲೆ! ಹೊರಗಿನ ಸದ್ದೆಲ್ಲ ಯಾವುದೋ ಬಾವಿಯ ಮೇಲಿನಿಂದ ಬಂದಂತೆ ಕೇಳಿತು. ಆಮೇಲೆ ಅದು ಗಟ್ಟಿಯಾಗುತ್ತಾ, ತಾನಾಗಿಯೇ ಬಿಸಿಯಾಯಿತು. ಮುಖದ ಮೇಲೆ ಇನ್ನೊಂದು ಮುಖ ಬೆಳೆಯುತ್ತಿದೆ ಎನ್ನಿಸಿ ಅವಳ ಮೈ ಜುಮ್ಮೆಂದಿತು.

“ಹೆದರಿಕೆ ಆಗ್ತಿದೆಯಾ?” ದೂರದಲ್ಲಿ ಅವನ ದನಿ.

ಒಂದು ಬೆರಳು.

“ನಾನಿಲ್ಲೇ ಇದೀನಿ.” ಬಟ್ಟಲು ಕೆಳಗಿಟ್ಟ ಸದ್ದು. ನಂತರ ಅದೇ ದನಿ, ಈ ಸಲ ನಡುಗುತ್ತಾ... “ಎದುರಿಗೆ ಕೇಳೋಕೆ ಧೈರ್ಯ ಇಲ್ಲ. ನಿಮ್ಮ ಮನೆಗೆ ಬಂದು ನಿಮ್ಮನ್ನ ಕೇಳಲಾ?”

ಆ ಕತ್ತಲೆಯಲ್ಲಿ ಅವಳಿಗೆ ಗದ್ದವೂ ನೆನಪಾಗಲಿಲ್ಲ, ಗೆಡ್ಡೆಯೂ ನೆನಪಾಗಲಿಲ್ಲ. ಬೆರಳು ತಾನಾಗಿಯೇ ಎದ್ದಿತು. ಒಂದೇ ಒಂದು!

ಆದರೆ ಅಚ್ಚು ಬಿಡಿಸುವಾಗ ಗದ್ದದ ಹತ್ತಿರ ಅದು ಕಚ್ಚಿ ಹಿಡಿಯಿತು. ಎಳೆದ. ಚರ್ಮ ಕಿತ್ತು ಬಂದಂಥ ನೋವು! ಅವಳು ಚೀರುತ್ತಾ ಎದ್ದು ಕುಳಿತಳು. ಅವನ ಕೈಯಲ್ಲಿದ್ದ ಅಚ್ಚಿನೊಳಗೆ, ಗದ್ದದ ಗುಳಿಯಲ್ಲಿ, ಸಾಲಾಗಿ ನಿಂತಿದ್ದವು... ಕಪ್ಪು ಕೂದಲುಗಳು.

ಅವನು ನೋಡಿದ. ಅವನ ಮುಖ ಬಿಳಿಚಿಕೊಂಡಿತು. ಅಚ್ಚನ್ನು ತಟ್ಟನೆ ಬೋರಲು ಹಾಕಿದ.

“ಏನಿಲ್ಲ... ಏನೂ ಇಲ್ಲ,” ಎಂದ, ಎತ್ತಲೋ ನೋಡುತ್ತಾ.

ಅವಳು ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು ಓಡಿದಳು. ‘ಅಸಹ್ಯ ಆಯ್ತು ಅವರಿಗೆ. ನನ್ನ ಮುಖ ನೋಡೋಕೂ ಆಗ್ಲಿಲ್ಲ...’

ಅಲ್ಲಿಂದ ಇಬ್ಬರ ನಡುವೆ ಮಾತು ನಿಂತಿತು. ಅವನು ಮನೆಗೂ ಬರಲಿಲ್ಲ. ಆ ವಾರವೇ ಯಜಮಾನರು ಅಚ್ಚಿಗೆ ಮೇಣ ಸುರಿದು, ಮುಖವನ್ನು ಅವಳ ಮೇಜಿನ ಮೇಲೆ ತಂದಿಟ್ಟರು. ಕೂದಲು ನೆಡಬೇಕಾದವಳು ಅವಳೇ ಅಲ್ಲವೇ! ಕಣ್ಣು ಮುಚ್ಚಿದ ತನ್ನದೇ ಮುಖದ ಎದುರು ಕೂರುವುದು ಅವಳಿಗೆ ತನ್ನ ಹೆಣ ಕಾಯ್ದಂತೆ ಆಯಿತು.

ಮಾರನೆಯ ಬೆಳಗ್ಗೆ ಬಿಳಿ ಬಟ್ಟೆ ತೆಗೆದವಳು ಹಾಗೇ ನಿಂತುಬಿಟ್ಟಳು. ಮೇಣದ ಗದ್ದದ ಮೇಲೆ ಒಂದು ಕೂದಲು!

ಕಿತ್ತು ಬಿಸಾಡಿದಳು. ಮರುದಿನ, ಬೇರೆ ಜಾಗದಲ್ಲಿ, ಇನ್ನೊಂದು. ಅದನ್ನೂ ಕಿತ್ತಳು. ಅದರ ಮರುದಿನ ಮತ್ತೆರಡು.

ಸತ್ತ ಮೇಣಕ್ಕೂ ಕೂದಲು ಬೆಳೆಯುತ್ತದೆಯೇ? ‘ನಾನು ಎಲ್ಲಿ ಹೋದ್ರೂ ಇದು ಬಿಡಲ್ಲ. ನನ್ನ ಮುಖ ಅಂತ ಏನೇ ಮಾಡಿದ್ರೂ ಅದರಲ್ಲಿ ಇದು ಬಂದೇ ಬರುತ್ತೆ...’ ಅವಳು ಯಾರಿಗಿಂತಲೂ ಮುಂಚೆ ಬಂದು, ಮೊದಲು ಬಚ್ಚಲ ಕನ್ನಡಿಯಲ್ಲಿ ತನ್ನ ಗದ್ದ, ಆಮೇಲೆ ಮೇಜಿನ ಮೇಲೆ ಅದರ ಗದ್ದ, ಎರಡನ್ನೂ ಒಂದೇ ಚಿಮುಟದಿಂದ ಕೀಳತೊಡಗಿದಳು. ಕೊನೆಕೊನೆಗೆ ಯಾವುದು ತನ್ನದು, ಯಾವುದು ಅದರದು ಎಂಬುದೇ ಗೊಂದಲವಾಗುತ್ತಿತ್ತು.

ಒಂದು ಬೆಳಗ್ಗೆ ಬೆನ್ನ ಹಿಂದೆ ಬಾಗಿಲು ಕಿರುಗುಟ್ಟಿತು. ಅಚ್ಚಣ್ಣ!

ಅವನನ್ನು ಕಂಡದ್ದೇ ತಡ, ಅವಳಿಗೆ ಬೇರೆಯದೇ ಹೊಳೆಯಿತು. ಹೆದರಿಕೆಯೆಲ್ಲ ಕೋಪವಾಯಿತು.

“ನೀವೇ ಅಲ್ವಾ? ದಿನಾ ಬಂದು ಇದಕ್ಕೆ ಕೂದಲು ಚುಚ್ಚಿ ಹೋಗೋದು ನೀವೇ ಅಲ್ವಾ? ತಮಾಷೆ ನೋಡೋಕೆ ನಾನೇ ಬೇಕಿತ್ತೇನ್ರೀ ನಿಮಗೆ?”

ಅವನು ಚಿಮುಟ ನೋಡಿದ, ಮೇಣದ ಮುಖ ನೋಡಿದ. “ಅಯ್ಯೋ ದೇವರೇ... ಯಜಮಾನರು ಹಾಗೇ ಸುರಿದುಬಿಟ್ರಾ?”

“ಏನು ಹಾಗೇ?”

“ತಪ್ಪೆಲ್ಲ ನಂದೇ ಕಣ್ರೀ. ಗಂಡಸರಿಗಾದ್ರೆ ಗದ್ದಕ್ಕೂ ವ್ಯಾಸಲೀನ್ ಹಚ್ತೀನಿ. ಹೆಂಗಸರಿಗೆ ಹುಬ್ಬು, ರೆಪ್ಪೆ ಅಷ್ಟೇ. ಅದು ರೂಢಿ. ಹೆಂಗಸರ ಗದ್ದದಲ್ಲಿ ಏನಿರುತ್ತೆ ಅಂತ ನನ್ನ ದಡ್ಡತಲೆ ಅಂದುಕೊಂಡಿತ್ತು! ಹಚ್ಚದೇ ಇದ್ದಿದ್ದಕ್ಕೆ ಕೂದಲು ಪ್ಲಾಸ್ಟರ್‌ಗೆ ಸಿಕ್ಕಿಕೊಂಡ್ತು. ನಿಮಗೆ ನೋವಾಯ್ತು. ನೀವು ಚೀರಿದ್ದು ಕೇಳಿ ನನಗೆ ಜೀವವೇ ಹೋದ ಹಾಗಾಯ್ತು.”

“ಮತ್ತೆ ಇದು? ದಿನಾ ಬೆಳೆಯುತ್ತಲ್ಲ!”

“ಬೆಳೆಯಲ್ಲ. ಅಚ್ಚಲ್ಲಿ ಸಿಕ್ಕಿದ್ದ ಕೂದಲು ಮೇಣಕ್ಕೆ ಅಂಟಿಕೊಂಡು ಬಂದಿದೆ. ಮೇಣ ಆರ್ತಾ ಆರ್ತಾ ಕುಗ್ಗುತ್ತೆ. ಒಳಗೆ ಮಲಗಿದ್ದು ಒಂದೊಂದೇ ತಲೆ ಎತ್ತುತ್ತೆ. ಸುರಿಯೋ ಮುಂಚೆ ಅಚ್ಚು ಚೊಕ್ಕ ಮಾಡೋದು ನನ್ನ ಕೆಲಸ. ಮಾಡ್ಲಿಲ್ಲ.”

“ಯಾಕೆ? ಅಸಹ್ಯ ಆಯ್ತಾ?”

“ಅಸಹ್ಯನಾ?” ಅವನಿಗೆ ನಿಜಕ್ಕೂ ಅರ್ಥವಾಗಲಿಲ್ಲ. “ನೀವು ಯಾರಿಗೂ ತೋರಿಸದೇ ಇಟ್ಟುಕೊಂಡಿರೋದು. ನಿಮ್ಮನ್ನ ಕೇಳದೆ ಮುಟ್ಟೋದಕ್ಕೆ ಕೈ ಬರ್ಲಿಲ್ಲ. ಕೇಳೋಣ ಅಂದ್ರೆ ನೀವು ಮುಖಾನೇ ಕೊಡ್ಲಿಲ್ಲ.”

ಅವಳು ಕುರ್ಚಿಗೆ ಕುಸಿದಳು. ಇಷ್ಟು ದಿನ ಕಟ್ಟಿಕೊಂಡಿದ್ದ ಅಳು ಒಡೆಯಿತು. “ಮನೆಗೆ ಬರಬೇಡಿ. ನನ್ನ ಹೊಟ್ಟೇಲಿ ಗೆಡ್ಡೆಗಳಿವೆ. ನಾನು ಹೆಂಗಸಾಗಿ ಉಳೀತೀನೋ ಇಲ್ವೋ... ಮಕ್ಕಳಂತೂ ಆಗಲ್ಲ.”

“ಯಾವ ಡಾಕ್ಟ್ರು ಹೇಳಿದ್ದು?”

“...ಚಿಕ್ಕಮ್ಮ.”

ಅವನು ಅವಳ ಕೈಯಿಂದ ಚಿಮುಟ ತೆಗೆದು ಮೇಜಿನ ಮೇಲಿಟ್ಟ. “ನನಗೆ ಉತ್ತರ ಕೊಡೋದು ಆಮೇಲಿರ್ಲಿ. ಮೊದಲು ಡಾಕ್ಟ್ರ ಹತ್ತಿರ ಹೋಗೋಣ. ನಾನು ಹೊರಗೆ ಕೂತಿರ್ತೀನಿ.”

ಆಸ್ಪತ್ರೆಯ ಆ ಪುಟ್ಟ ಕೋಣೆಯಲ್ಲಿ ದೀಪ ಆರಿಸಿದ್ದರು. ಹೊಟ್ಟೆಯ ಮೇಲೆ ತಣ್ಣನೆಯ ಜೆಲ್. ಪರದೆಯ ಮೇಲೆ ಬೂದು ಬಣ್ಣದ ಮಂಜು, ಮಂಜಿನಲ್ಲಿ ದುಂಡಗಿನ ಕಪ್ಪು ಚುಕ್ಕೆಗಳು. ಮಾಲೆಯಂತೆ ಸುತ್ತ ಕೂತು ತನ್ನನ್ನೇ ನೋಡುವ ಕಣ್ಣುಗಳು! ಅವಳು ಉಸಿರು ಬಿಗಿಹಿಡಿದಳು.

“ಡಾಕ್ಟರೇ, ಗೆಡ್ಡೆ... ದೊಡ್ಡದಾಗಿದೆಯಾ?”

“ಗೆಡ್ಡೆ ಅಂತ ಯಾರಮ್ಮ ಹೇಳಿದ್ದು?” ಎಂದರು ಲೇಡಿ ಡಾಕ್ಟರ್, ಕನ್ನಡಕದ ಮೇಲಿನಿಂದ ನೋಡುತ್ತಾ. “ಇವು ಅಂಡ ಬೆಳೆಯೋ ಪುಟಾಣಿ ಚೀಲಗಳು. ಪೂರ್ತಿ ಬೆಳೆದು ಅಂಡ ಬಿಡುಗಡೆ ಆಗೋ ಬದಲು ಅರ್ಧಕ್ಕೇ ನಿಂತಿವೆ. ಇದಕ್ಕೆ ಪಿಸಿಓಎಸ್ ಅಂತಾರೆ. ನಿನ್ನಂಥ ಎಷ್ಟೋ ಹೆಣ್ಣುಮಕ್ಕಳು ದಿನಾ ಬರ್ತಾರೆ.”

“ಮತ್ತೆ ಈ ಕೂದಲು? ನಾನು... ಗಂಡಸಾಗ್ತಿದೀನಾ?”

“ಹುಚ್ಚು ಹುಡುಗಿ! ಗಂಡು ಹಾರ್ಮೋನ್ ಎಲ್ಲ ಹೆಂಗಸರಲ್ಲೂ ಸ್ವಲ್ಪ ಇರುತ್ತೆ. ನಿನಗೆ ಸ್ವಲ್ಪ ಜಾಸ್ತಿ ಆಗಿದೆ. ಗದ್ದದ ಕೂದಲು, ತಲೆ ಕೂದಲು ಉದುರೋದು, ಮೊಡವೆ ಎಲ್ಲ ಅದರದ್ದೇ ಕಾಟ. ಕತ್ತಿನ ಕಪ್ಪು ಇದೆಯಲ್ಲ, ಅದು ಇನ್ಸುಲಿನ್ ಸರಿಯಾಗಿ ಕೆಲಸ ಮಾಡ್ತಿಲ್ಲ ಅನ್ನೋ ಸೂಚನೆ. ಸಕ್ಕರೆ ಪರೀಕ್ಷೆ ಮಾಡಿಸ್ಬೇಕು. ನನಗೆ ಸಿಟ್ಟು ಬಂದಿರೋದು ಬೇರೆಯದಕ್ಕೆ. ಇಷ್ಟು ತಿಂಗಳು ಮುಟ್ಟು ನಿಂತ್ರೂ ಸುಮ್ನೆ ಕೂತಿದ್ದೀಯಲ್ಲ! ಗರ್ಭಕೋಶದ ಒಳಪದರ ದಪ್ಪ ಆಗ್ತಾ ಹೋಗುತ್ತೆ. ಹಾಗೇ ಬಿಟ್ರೆ ಮುಂದೆ ಅಪಾಯ.”

“ವಾಸಿ ಆಗುತ್ತಾ?”

“ಬೇರುಸಹಿತ ಹೋಗುತ್ತೆ ಅಂತ ಸುಳ್ಳು ಹೇಳಲ್ಲ. ಮಾತ್ರೆ, ಊಟದಲ್ಲಿ ಹಿಡಿತ, ದಿನಾ ನಡಿಗೆ. ಹದ್ದುಬಸ್ತಿನಲ್ಲಿ ಇಡಬಹುದು.”

ಕೊನೆಯ ಪ್ರಶ್ನೆ ಅವಳ ನಾಲಿಗೆ ತುದಿಯಲ್ಲೇ ನಡುಗಿತು. “ಮಕ್ಕಳು...? ಆಗಲ್ಲ ಅಂತ ಚಿಕ್ಕಮ್ಮ...”

“ತುಂಬಾ ಜನಕ್ಕೆ ಆಗ್ತವೆ. ಕೆಲವರಿಗೆ ಔಷಧಿ ಬೇಕಾಗುತ್ತೆ, ಕೆಲವರು ಕಾಯಬೇಕಾಗುತ್ತೆ. ನಿನಗೆ ಆಗೇ ಆಗುತ್ತೆ ಅಂತ ನಾನು ಮಾತು ಕೊಡೋಕಾಗಲ್ಲ. ಆಗಲ್ಲ ಅಂತ ಹೇಳೋಕೆ ನಿಮ್ಮ ಮನೆಯಲ್ಲಿ ಯಾರಿಗೂ ಹಕ್ಕಿಲ್ಲ.”

ಅವಳು ಅತ್ತಳು. ಈ ಸಲ ಹಗುರಾಗಿ ಅತ್ತಳು. ಆ ಸಂಜೆಯೇ ಚಿಕ್ಕಮ್ಮನಿಗೆ, “ಗೆಡ್ಡೆ ಅಲ್ಲ ಚಿಕ್ಕಮ್ಮ. ಇನ್ಮೇಲೆ ಆ ಪದ ಈ ಮನೇಲಿ ಬೇಡ,” ಎಂದಳು. ಎಂದೂ ತಿರುಗಿ ಮಾತಾಡದ ಹುಡುಗಿ!

ಅವನು ಉತ್ತರಕ್ಕೆ ಒತ್ತಾಯಿಸಲಿಲ್ಲ. ಮಾತ್ರೆ ಶುರುವಾಯಿತು, ಮುಟ್ಟು ಬಂತು. ಕಾರ್ಖಾನೆಯಲ್ಲಿ ದರ್ಜಿ ಗೊಂಬೆಯೂ ಮುಗಿಯುತ್ತಾ ಬಂತು. ಅವಳೇ ಕೂತು ಮೇಣದ ಗದ್ದದ ಕೊನೆಯ ಕೂದಲು ಕಿತ್ತು, ಗುಳಿಗಳನ್ನು ಮುಚ್ಚಿ, ನುಣುಪು ಮಾಡಿ, ಮುಚ್ಚಿದ ರೆಪ್ಪೆ ಕೊರೆದು ಗಾಜಿನ ಕಣ್ಣು ಕೂರಿಸಿದಳು.

ಆಮೇಲೆ ದೂರ ನಿಂತು ನೋಡಿದಳು. ಒಂದು ಮೊಡವೆಯಿಲ್ಲ, ಒಂದು ಕಲೆಯಿಲ್ಲ. ವರ್ಷಗಟ್ಟಲೆ ಕನ್ನಡಿಯ ಎದುರು ಬೇಡಿಕೊಂಡಿದ್ದ ಮುಖ ಅದೇ! ಅದು ಅವಳನ್ನೇ ದಿಟ್ಟಿಸಿ ನೋಡುತ್ತಿತ್ತು. ರೆಪ್ಪೆ ಬಡಿಯದೆ, ಉಸಿರಾಡದೆ... ಅವಳ ಬೆನ್ನಲ್ಲಿ ಚಳಿ ಹರಿಯಿತು.

‘ಇಷ್ಟು ದಿನ ನಾನು ಹೆಣದ ಮುಖ ಬೇಡ್ತಿದ್ನಾ?’

ಬಿಳಿ ಬಟ್ಟೆಯನ್ನು ಅವಳೇ ಮುಚ್ಚಿದಳು.

ಮಾರನೆಯ ಬೆಳಗ್ಗೆ ಅವಳು ಚಿಮುಟ ಮುಟ್ಟಲಿಲ್ಲ. ಅದರ ಮಾರನೆಯ ದಿನವೂ ಮುಟ್ಟಲಿಲ್ಲ. ಮೂರನೆಯ ದಿನ ದುಪಟ್ಟಾ ಮನೆಯಲ್ಲೇ ಬಿಟ್ಟು, ಅಚ್ಚಣ್ಣ ಒಬ್ಬನೇ ಕೂತು ಪ್ಲಾಸ್ಟರ್ ಕಲಸುತ್ತಿದ್ದಲ್ಲಿಗೆ ಹೋಗಿ ಎದುರಿಗೇ ನಿಂತಳು.

“ಇದು ಪೂರ್ತಿ ಹೋಗಲ್ವಂತೆ. ಮಾತ್ರೆ ತಗೊಂಡ್ರೂ ಕೂದಲು ಬರ್ತಾ ಇರುತ್ತೆ. ಮಕ್ಕಳಾಗೋದು ತಡ ಆಗಬಹುದು, ಆಗದೇನೂ ಇರಬಹುದು. ಎಲ್ಲ ಕೇಳಿಸ್ಕೊಂಡು ಆಮೇಲೆ ಹೇಳಿ.”

“ಕೇಳಿಸ್ಕೊಂಡೆ.”

“ಮಕ್ಕಳಾಗದಿದ್ರೆ?”

ಅವನು ತಕ್ಷಣ ಉತ್ತರಿಸಲಿಲ್ಲ. ಅದೇ ಅವಳಿಗೆ ಇಷ್ಟವಾಯಿತು. “ಬೇಜಾರಾಗುತ್ತೆ,” ಎಂದ ಕೊನೆಗೆ. “ಇಬ್ಬರೂ ಸೇರಿ ಬೇಜಾರು ಮಾಡ್ಕೊಳ್ಳೋಣ. ನೀವಿಲ್ಲದೆ ಒಬ್ಬನೇ ಖುಷಿಯಾಗಿರೋದಕ್ಕಿಂತ ಅದೇ ವಾಸಿ ನನಗೆ.”

ಅವಳ ಕಣ್ಣು ತುಂಬಿತು. ಅವನ ಬಿಳಿ ಮೆತ್ತಿದ ಕೈಯನ್ನು ಎತ್ತಿ ತನ್ನ ಗದ್ದದ ಮೇಲಿಟ್ಟುಕೊಂಡಳು. ಯಾರನ್ನೂ ಮುಟ್ಟಗೊಡದ ಜಾಗ!

“ಚುಚ್ಚುತ್ತಾ?” ಎಂದಳು ಪಿಸುದನಿಯಲ್ಲಿ.

“ಚುಚ್ಚುತ್ತೆ,” ಎಂದ, ಕೈ ತೆಗೆಯದೆ. “ಇದು ನೀವೇ. ನಿಜವಾಗ್ಲೂ ನೀವೇ.”

“ಇನ್ನೂ ‘ನೀವೇ’ನಾ?”

ಅವನು ನಕ್ಕ. “ನೀನೇ.”